ವೈನ್‌ಗೂ ವೈನ್‌ಗೂ ಏನು ವ್ಯತ್ಯಾಸ?

'ವೈನ್' ಅಂತ ಒಂದು ಸಲ ಜೋರಾಗಿ ಹೇಳಿ ನೋಡಿ. ಈಗ ಪ್ರಶ್ನೆ: ನೀವು ಹೇಳಿದ್ದು ಕುಡಿಯೋ ವೈನೋ, ಅಥವಾ ಇಂಗ್ಲಿಷ್‌ನಲ್ಲಿ ದ್ರಾಕ್ಷಿ ಬಳ್ಳಿಗೆ ಹೇಳ್ತಾರಲ್ಲ, ಆ ವೈನೋ? ಇಂಗ್ಲಿಷ್‌ನಲ್ಲಿ ಇವೆರಡರ ಸ್ಪೆಲಿಂಗ್ ಬೇರೆ, ಅರ್ಥ ಬೇರೆ, ಉಚ್ಚಾರಣೆಯೂ ಬೇರೆ. ಬಳ್ಳಿಯ ವೈನ್ 'ವಿ' ಅಕ್ಷರದಿಂದ ಶುರುವಾಗುತ್ತೆ. ಅದನ್ನು ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಸಣ್ಣಗೆ ಗುಂಯ್ ಅನ್ನಬೇಕು. ಕುಡಿಯೋ ವೈನ್ 'ಡಬ್ಲ್ಯೂ' ಅಕ್ಷರದ್ದು. ಅಲ್ಲಿ ಹಲ್ಲಿಗೆ ಕೆಲಸವೇ ಇಲ್ಲ, ಎರಡೂ ತುಟಿ ದುಂಡಗಾಗುತ್ತವೆ. ನಮ್ಮ ಕನ್ನಡದ 'ವ' ಇವೆರಡರ ಮಧ್ಯೆ ಎಲ್ಲೋ ಇದೆ. ತುಟಿ ಹಲ್ಲಿನ ಹತ್ತಿರ ಹೋಗುತ್ತೆ, ಆದರೆ ಗುಂಯ್ ಅನ್ನಲ್ಲ. ಹಾಗಾಗಿ ನಾವು ಎರಡನ್ನೂ ಒಂದೇ ಥರ ಹೇಳ್ತೀವಿ, ಒಂದೇ ಥರ ಬರೀತೀವಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿ ಬಂದ ನಮ್ಮಂಥವರ ಕಥೆಯೂ ಇದೇ.

ಹೇಳೋದು ಹಾಗಿರಲಿ, ಕೇಳೋದೂ ಕಷ್ಟ. ಇಂಗ್ಲಿಷ್ ಮಾತೃಭಾಷೆಯಾದವರು ಆ ಎರಡು ಪದಗಳನ್ನು ಒಂದಾದ ಮೇಲೊಂದು ಹೇಳಿದರೆ ನಮ್ಮಲ್ಲಿ ತುಂಬಾ ಜನ ಯಾವುದು ಯಾವುದು ಅಂತ ಊಹೆ ಮಾಡಬೇಕಾಗುತ್ತೆ. ಕಿವಿ ಚೆನ್ನಾಗಿದೆ, ಹೆಡ್‌ಫೋನ್ ಚೆನ್ನಾಗಿದೆ, ಆದರೂ ವ್ಯತ್ಯಾಸ ಸಿಗಲ್ಲ. ಯಾಕೆ?

ಈ ಪ್ರಶ್ನೆಯನ್ನು ಈಗ ಎತ್ತೋಕೆ ಒಂದು ಕಾರಣ ಇದೆ. ನಮ್ಮ ಕ್ಯಾಂಪಸ್‌ನಲ್ಲಿ ಬೀದರ್‌ನವರಿದ್ದಾರೆ, ಮಂಡ್ಯದವರಿದ್ದಾರೆ, ಮಂಗಳೂರಿನವರಿದ್ದಾರೆ, ಬಿಹಾರ, ಉತ್ತರ ಪ್ರದೇಶ, ಕೇರಳದಿಂದ ಬಂದವರೂ ಇದ್ದಾರೆ. ದಿನಾ ಎಲ್ಲೋ ಒಂದು ಕಡೆ ಯಾರಾದರೂ ಯಾರದೋ ಉಚ್ಚಾರಣೆಗೆ ನಗ್ತಾ ಇರ್ತಾರೆ. ಹಿಂದಿ ಹುಡುಗ 'ಬೆಲಗಾವಿ' ಅಂದರೆ ನಾವು ನಗ್ತೀವಿ. ಸೆಮಿನಾರ್‌ನಲ್ಲಿ ಯಾರೋ 'ಝೀರೋ' ಬದಲು 'ಜೀರೋ' ಅಂದರೆ ಹಿಂದಿನ ಬೆಂಚಿನಿಂದ ಕಿಸಕ್ ಅನ್ನುತ್ತೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಕೆಲವರು ವೈವಾದಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡಲ್ಲ. ಗ್ರೂಪ್ ಡಿಸ್ಕಷನ್‌ನಲ್ಲಂತೂ ಮೂಲೆ ಹಿಡೀತಾರೆ. ಈ ನಗುವಿನ ಹಿಂದೆ ಒಂದು ನಂಬಿಕೆ ಇದೆ: 'ಸರಿಯಾಗಿ ಗಮನ ಕೊಟ್ಟು ಕೇಳಿದ್ದರೆ ಅವನಿಗೆ ಗೊತ್ತಾಗ್ತಿತ್ತು, ಅವನದೇ ಅಸಡ್ಡೆ.' ಈ ನಂಬಿಕೆ ತಪ್ಪು ಅಂತ ಸುಮಾರು ಐವತ್ತು ವರ್ಷಗಳ ಪ್ರಯೋಗಗಳು ಹೇಳ್ತಾ ಬಂದಿವೆ. ಅವುಗಳಲ್ಲಿ ಕೆಲವನ್ನು ನೋಡೋಣ.

ಕಿವಿ ಮೈಕು, ಮೆದುಳು ಕ್ವಾಂಟೈಸರ್

ಅನಲಾಗ್ ಸಿಗ್ನಲ್ ಅನ್ನು ಡಿಜಿಟಲ್ ಮಾಡೋವಾಗ ಏನು ಮಾಡ್ತೀವಿ? ಸ್ಯಾಂಪಲ್ ಮಾಡ್ತೀವಿ, ಆಮೇಲೆ ಕ್ವಾಂಟೈಸ್ ಮಾಡ್ತೀವಿ. 2.31 ವೋಲ್ಟ್ ಬಂದರೂ 2.38 ವೋಲ್ಟ್ ಬಂದರೂ ಎರಡೂ ಒಂದೇ ಲೆವೆಲ್‌ಗೆ ಬಿದ್ದರೆ ಮುಂದಿನ ಸರ್ಕ್ಯೂಟ್‌ಗೆ ಅವೆರಡೂ ಒಂದೇ. ವ್ಯತ್ಯಾಸ ಇನ್‌ಪುಟ್‌ನಲ್ಲಿ ಇತ್ತು, ಔಟ್‌ಪುಟ್‌ನಲ್ಲಿ ಇಲ್ಲ.

ಮಾತು ಕೇಳುವಾಗ ನಮ್ಮ ಮೆದುಳು ಹೆಚ್ಚುಕಮ್ಮಿ ಇದೇ ಕೆಲಸ ಮಾಡುತ್ತೆ. ಬಾಯಿಂದ ಬರೋ ಶಬ್ದ ಕಂಟಿನ್ಯುಯಸ್. ಒಬ್ಬನೇ ಮನುಷ್ಯ ಹತ್ತು ಸಲ 'ಬ' ಅಂದರೆ ಹತ್ತು ಸಲವೂ ಸಿಗ್ನಲ್ ಬೇರೆ. ಆದರೂ ನಮಗೆ ಕೇಳಿಸೋದು ಒಂದೇ 'ಬ'. 1957ರಲ್ಲಿ ಅಮೆರಿಕದ ಹ್ಯಾಸ್ಕಿನ್ಸ್ ಲ್ಯಾಬ್‌ನಲ್ಲಿ ಆಲ್ವಿನ್ ಲಿಬರ್ಮನ್ ಮತ್ತು ಜೊತೆಗಾರರು ಯಂತ್ರದಿಂದ 'ಬ', 'ಡ', 'ಗ' ಶಬ್ದಗಳನ್ನು ಹುಟ್ಟಿಸಿ, ಒಂದರಿಂದ ಇನ್ನೊಂದಕ್ಕೆ ಸಣ್ಣ ಸಣ್ಣ ಸಮಾನ ಹೆಜ್ಜೆಗಳಲ್ಲಿ ಬದಲಾಯಿಸ್ತಾ ಹೋದರು. ಕೇಳಿದವರಿಗೆ ನಿಧಾನವಾದ ಬದಲಾವಣೆ ಕೇಳಿಸಲಿಲ್ಲ. 'ಬ, ಬ, ಬ' ಅಂತಿದ್ದದ್ದು ಒಂದು ಜಾಗದಲ್ಲಿ ದಿಢೀರನೆ 'ಡ' ಆಯ್ತು. ಗಡಿಯ ಒಂದೇ ಬದಿಯಲ್ಲಿರೋ ಎರಡು ಶಬ್ದಗಳ ವ್ಯತ್ಯಾಸ ಹೇಳೋಕೆ ಜನ ಒದ್ದಾಡಿದರು, ಗಡಿಯ ಆಚೆ ಈಚೆ ಇರೋದನ್ನು ಸುಲಭವಾಗಿ ಹೇಳಿದರು.

ಇಲ್ಲಿ ಮುಖ್ಯ ವಿಷಯ ಏನಂದ್ರೆ, ಈ ಲೆವೆಲ್‌ಗಳನ್ನು ಸೆಟ್ ಮಾಡೋದರಲ್ಲಿ ದೊಡ್ಡ ಪಾಲು ಮಾತೃಭಾಷೆಯದು. ರಷ್ಯನ್ ಭಾಷಾವಿಜ್ಞಾನಿ ನಿಕೊಲಾಯ್ ಟ್ರುಬೆಟ್ಸ್‌ಕಾಯ್, 1939ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ, ಮಾತೃಭಾಷೆಯ ಧ್ವನಿವ್ಯವಸ್ಥೆಯನ್ನು ಜರಡಿಗೆ ಹೋಲಿಸಿದ್ದರು. ಬೇರೆ ಭಾಷೆಯ ಮಾತು ಈ ಜರಡಿಯಲ್ಲಿ ಸೋಸಿಕೊಂಡೇ ನಮ್ಮನ್ನು ತಲುಪುತ್ತೆ.

ಇಂಗ್ಲಿಷ್‌ನ 'ಟಿ' ಅಕ್ಷರವನ್ನೇ ತಗೊಳ್ಳಿ. ಕನ್ನಡದ 'ತ'ಕ್ಕೆ ನಾಲಿಗೆ ಹಲ್ಲಿಗೆ ತಾಗುತ್ತೆ, 'ಟ'ಕ್ಕೆ ನಾಲಿಗೆ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತೆ. ಇಂಗ್ಲಿಷ್‌ನವರ ನಾಲಿಗೆ ಇವೆರಡರ ನಡುವೆ, ಮೇಲಿನ ಹಲ್ಲಿನ ಹಿಂದಿರೋ ವಸಡಿನ ದಿಬ್ಬಕ್ಕೆ ತಾಗುತ್ತೆ. ನಮ್ಮ ಹತ್ತಿರ ಆ ಮಧ್ಯದ ಡಬ್ಬಿ ಇಲ್ಲ. ಹಾಗಾಗಿ ನಮಗೆ ಅದು ಸೀದಾ 'ಟ' ಅಂತ ಕೇಳಿಸುತ್ತೆ: ಟೇಬಲ್, ಟಿಕೆಟ್, ಡಾಕ್ಟರ್. ಅದೇ ಇಂಗ್ಲಿಷ್‌ನವರ ಕಡೆಯಿಂದ ನೋಡಿ. ಅವರ ಹತ್ತಿರ ಇರೋದು ಒಂದೇ ಡಬ್ಬಿ. ನಮ್ಮ 'ಕತ್ತು', 'ಕಟ್ಟು' ಎರಡೂ ಅದರೊಳಗೇ ಬೀಳುತ್ತವೆ. 'ಕತ್ತು ನೋಯ್ತಿದೆ' ಅಂದರೂ 'ಬುತ್ತಿ ಕಟ್ಟು' ಅಂದರೂ ಅವರಿಗೆ ಕೇಳಿಸೋದು ಒಂದೇ ಪದ.

ಅನ್ನ ಕೇಳಿದರೆ ಹೇನು

ಜಪಾನೀಯರಿಗೆ ಇಂಗ್ಲಿಷ್‌ನ 'ಆರ್' ಮತ್ತು 'ಎಲ್' ವ್ಯತ್ಯಾಸ ಕಷ್ಟ ಅನ್ನೋದು ಈ ವಿಷಯದಲ್ಲಿ ಎಲ್ಲರೂ ಹೇಳೋ ಉದಾಹರಣೆ. 'ರೈಸ್' ಅಂದರೆ ಅನ್ನ, 'ಲೈಸ್' ಅಂದರೆ ಹೇನು. ಜಪಾನೀ ಭಾಷೆಯಲ್ಲಿ ಈ ಜಾಗದಲ್ಲಿ ಇರೋದು ಒಂದೇ ಧ್ವನಿ, ನಾಲಿಗೆಯ ತುದಿ ಒಂದು ಸಲ ಪಟ್ ಅಂತ ಬಡಿದು ಬರುವಂಥದ್ದು. ಇಂಗ್ಲಿಷ್‌ನ ಎರಡೂ ಅದರ ಡಬ್ಬಿಗೇ ಬೀಳುತ್ತವೆ. ರ ಮತ್ತು ಲ ಬೇರೆ ಬೇರೆ ಇರೋ ನಮಗೆ ಇದು ತಮಾಷೆ ಅನ್ನಿಸುತ್ತೆ.

ಸಿಗ್ನಲ್‌ನಲ್ಲಿ ಏನಿದೆ ಅಂತ ನೋಡೋಣ. ಗಂಟಲಿನಿಂದ ತುಟಿಯವರೆಗಿನ ಕೊಳವೆ ಒಂದು ರೆಸೊನೇಟರ್. ಅದರ ರೆಸೊನೆನ್ಸ್ ಫ್ರೀಕ್ವೆನ್ಸಿಗಳಿಗೆ ಫಾರ್ಮಂಟ್ ಅಂತಾರೆ. ಮೊದಲನೆಯದು, ಎರಡನೆಯದು, ಮೂರನೆಯದು ಹೀಗೆ. ಇಂಗ್ಲಿಷ್‌ನ 'ಆರ್' ಹೇಳುವಾಗ ಮೂರನೇ ಫಾರ್ಮಂಟ್ ತುಂಬಾ ಕೆಳಗೆ ಇಳಿಯುತ್ತೆ, ಸಾಮಾನ್ಯವಾಗಿ 2000 ಹರ್ಟ್ಜ್‌ಗಿಂತ ಕೆಳಗೆ. 'ಎಲ್' ಹೇಳುವಾಗ ಅದು ಮೇಲೇ ಉಳಿಯುತ್ತೆ. ಇಂಗ್ಲಿಷ್‌ನವರು ಗುರುತಿಸೋದು ಮುಖ್ಯವಾಗಿ ಇದನ್ನೇ. ಜಪಾನೀ ಕೇಳುಗರ ಗಮನ ಹೆಚ್ಚಾಗಿ ಎರಡನೇ ಫಾರ್ಮಂಟ್ ಮೇಲೆ ಇರುತ್ತೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿವೆ. ಅಂದ್ರೆ ಅವರು ಗಮನ ಕೊಡ್ತಿಲ್ಲ ಅಂತಲ್ಲ, ಅವರ ಗಮನ ಬೇರೆ ಫೀಚರ್ ಮೇಲಿದೆ.

ಹಾಗಾದರೆ ಅವರ ಕಿವಿಗೆ ಆ ಮೂರನೇ ಫಾರ್ಮಂಟ್ ಕೇಳಿಸೋದೇ ಇಲ್ವಾ? 1975ರಲ್ಲಿ ಮಿಯಾವಾಕಿ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಪೂರ್ತಿ ಶಬ್ದ ಕೇಳಿಸಿದಾಗ ಅಮೆರಿಕನ್ನರು 'ಆರ್' ಮತ್ತು 'ಎಲ್' ಗಡಿಯಲ್ಲಿ ವ್ಯತ್ಯಾಸ ಹಿಡಿದರು, ಜಪಾನೀಯರು ಎಡವಿದರು. ಆಮೇಲೆ ಉಳಿದದ್ದನ್ನೆಲ್ಲ ಫಿಲ್ಟರ್ ಮಾಡಿದ ಹಾಗೆ ಮೂರನೇ ಫಾರ್ಮಂಟ್ ಭಾಗ ಒಂದನ್ನೇ ಕೇಳಿಸಿದರು. ಹೀಗೆ ಕೇಳಿದರೆ ಅದು ಮಾತಿನ ಥರ ಇರಲ್ಲ, ಯಾವುದೋ ಸಿಳ್ಳೆಯ ಚೂರಿನ ಥರ ಇರುತ್ತೆ. ಈಗ ಜಪಾನೀಯರೂ ಅಮೆರಿಕನ್ನರೂ ಒಂದೇ ರೀತಿ ವ್ಯತ್ಯಾಸ ಹೇಳಿದರು! ಮೈಕ್ ಸರಿಯಾಗೇ ಇದೆ. 'ಇದು ಮಾತು' ಅಂತ ಮೆದುಳು ತೀರ್ಮಾನ ಮಾಡಿದ ಕ್ಷಣ ಮಾತೃಭಾಷೆಯ ಕ್ವಾಂಟೈಸರ್ ಆನ್ ಆಗುತ್ತೆ, ವ್ಯತ್ಯಾಸ ಅಲ್ಲಿ ಹೋಗುತ್ತೆ.

ಜರಡಿ ಇರೋ ವ್ಯತ್ಯಾಸವನ್ನು ತೆಗೆಯೋದಷ್ಟೇ ಅಲ್ಲ, ಇಲ್ಲದ್ದನ್ನು ಸೇರಿಸುತ್ತೆ ಕೂಡ. ಜಪಾನೀ ಭಾಷೆಯಲ್ಲಿ ಎರಡು ಬೇರೆ ವ್ಯಂಜನಗಳು ಸ್ವರ ಇಲ್ಲದೆ ಒಟ್ಟಿಗೆ ಬರೋದು ತೀರಾ ಕಡಿಮೆ. 1999ರಲ್ಲಿ ಇಮ್ಯಾನ್ಯುಯೆಲ್ ಡುಪೂ ಮತ್ತು ತಂಡ 'ಎಬ್ಜೊ' ಥರದ ಅರ್ಥವಿಲ್ಲದ ಪದಗಳನ್ನು ಕೇಳಿಸಿದಾಗ ಫ್ರೆಂಚರಿಗೆ 'ಎಬ್ಜೊ' ಅಂತಲೇ ಕೇಳಿಸಿತು. ಜಪಾನೀಯರಿಗೆ ಹೆಚ್ಚಾಗಿ 'ಎಬುಜೊ' ಅಂತ ಕೇಳಿಸಿತು. ಸಿಗ್ನಲ್‌ನಲ್ಲಿ ಇಲ್ಲದ 'ಉ' ಅವರ ತಲೆಯಲ್ಲಿ ಹುಟ್ಟಿತ್ತು. 'ಬಸ್' ಅನ್ನು 'ಬಸ್ಸು', 'ಬಲ್ಬ್' ಅನ್ನು 'ಬಲ್ಬು' ಮಾಡಿಕೊಂಡ ಕನ್ನಡಿಗರಿಗೆ ಈ 'ಉ' ತೀರಾ ಅಪರಿಚಿತ ಏನಲ್ಲ ಬಿಡಿ.

ಹುಟ್ಟುವಾಗ ಎಲ್ಲರಿಗೂ ಎಲ್ಲವೂ ಕೇಳಿಸುತ್ತೆ

ಈ ಜರಡಿ ಯಾವಾಗ ಬರುತ್ತೆ? ಇದಕ್ಕೆ ಉತ್ತರ ಕೊಟ್ಟ ಪ್ರಸಿದ್ಧ ಪ್ರಯೋಗದಲ್ಲಿ ಬಳಸಿದ್ದು ನಮ್ಮ ಪರಿಚಯದ ಧ್ವನಿಗಳೇ: ಹಿಂದಿಯ 'ತ' ಮತ್ತು 'ಟ'. ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಇದು.

ಮಾತು ಬಾರದ ಕೂಸನ್ನು 'ನಿನಗೆ ವ್ಯತ್ಯಾಸ ಕೇಳಿಸ್ತಾ?' ಅಂತ ಕೇಳೋದು ಹೇಗೆ? ಉಪಾಯ ಚೆನ್ನಾಗಿದೆ. ಮಗು ಅಮ್ಮನ ತೊಡೆ ಮೇಲೆ ಕೂತಿರುತ್ತೆ. ಸ್ಪೀಕರ್‌ನಲ್ಲಿ 'ತ, ತ, ತ' ಅಂತ ಬರ್ತಾ ಇರುತ್ತೆ. ನಡುವೆ ಅದು 'ಟ, ಟ' ಆಗುತ್ತೆ. ಆಗ ಮಗು ಸ್ಪೀಕರ್ ಕಡೆ ತಿರುಗಿದರೆ ಅಲ್ಲಿ ಒಂದು ಆಟಿಕೆಯ ಲೈಟ್ ಹತ್ತಿ ಅದು ಕುಣಿಯುತ್ತೆ. ಮಗುವಿಗೆ ಬೇಗ ಅರ್ಥ ಆಗುತ್ತೆ: ಶಬ್ದ ಬದಲಾದಾಗ ತಿರುಗಿದರೆ ಮಜಾ ಇದೆ. ಅಮ್ಮ ಸುಳಿವು ಕೊಡದ ಹಾಗೆ ಅವಳ ಕಿವಿಗೆ ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸ್ತಾರೆ.

ಇಂಗ್ಲಿಷ್ ಮಾತಾಡೋ ಮನೆಯ 6ರಿಂದ 8 ತಿಂಗಳ ಮಕ್ಕಳಲ್ಲಿ ಬಹುತೇಕರು 'ತ' ಮತ್ತು 'ಟ' ವ್ಯತ್ಯಾಸ ಹಿಡಿದರು. 8ರಿಂದ 10 ತಿಂಗಳಲ್ಲಿ ಹಿಡಿದವರು ಕಡಿಮೆ. 10ರಿಂದ 12 ತಿಂಗಳ ಹೊತ್ತಿಗೆ ಬೆರಳೆಣಿಕೆಯಷ್ಟೇ. ಹಿಂದಿ ಮನೆಯ ಅದೇ ವಯಸ್ಸಿನ ಮಕ್ಕಳಿಗೆ ಯಾವ ತೊಂದರೆಯೂ ಇರಲಿಲ್ಲ. ಅಂದ್ರೆ ಮೊದಲನೇ ಹುಟ್ಟುಹಬ್ಬದ ಕೇಕ್ ಕತ್ತರಿಸೋ ಮುಂಚೆಯೇ ಜರಡಿ ಸಿದ್ಧವಾಗಿರುತ್ತೆ.

ಮಗು ಇದನ್ನು ಕಲಿಯೋದು ಹೇಗೆ? ಒಂದು ದಾರಿ ಸ್ಟಾಟಿಸ್ಟಿಕ್ಸ್. ಕನ್ನಡದ ಮನೆಯಲ್ಲಿ ದಿನವಿಡೀ ಕಿವಿಗೆ ಬೀಳೋ ಲ, ಳ ಶಬ್ದಗಳ ಹಿಸ್ಟೋಗ್ರಾಮ್ ಬರೆದರೆ ಎರಡು ಶಿಖರ ಬರುತ್ತೆ ಅಂದುಕೊಳ್ಳಿ. ಲಖನೌದ ಹಿಂದಿ ಮನೆಯಲ್ಲಿ ಒಂದೇ ಶಿಖರ. ಎರಡು ಶಿಖರ ಇದ್ದರೆ ಎರಡು ಡಬ್ಬಿ, ಒಂದಿದ್ದರೆ ಒಂದು. 2002ರಲ್ಲಿ ವರ್ಕರ್ ಮತ್ತು ಇನ್ನಿಬ್ಬರು ಸಂಶೋಧಕರು 6 ಮತ್ತು 8 ತಿಂಗಳ ಮಕ್ಕಳಿಗೆ ಕೆಲವೇ ನಿಮಿಷ ಇಂಥ ಒಂದು ಶಿಖರದ ಅಥವಾ ಎರಡು ಶಿಖರದ ಶಬ್ದಗಳನ್ನು ಕೇಳಿಸಿ ನೋಡಿದರು. ಎರಡು ಶಿಖರದ ಗುಂಪಿನ ಮಕ್ಕಳು ಮಾತ್ರ ಎರಡು ತುದಿಯ ಶಬ್ದಗಳನ್ನು ಬೇರೆ ಮಾಡಿದರು. ನಮ್ಮ ಮೆಷಿನ್ ಲರ್ನಿಂಗ್ ಎಲೆಕ್ಟಿವ್‌ನಲ್ಲಿ ಬರೋ ಕ್ಲಸ್ಟರಿಂಗ್‌ಗೆ ಇದು ತುಂಬಾ ಹತ್ತಿರ. ಲೇಬಲ್ ಇಲ್ಲ, ಮೇಷ್ಟ್ರು ಇಲ್ಲ, ಡೇಟಾ ಮಾತ್ರ.

ಆದರೆ ಡೇಟಾ ಎಲ್ಲಿಂದ ಬರುತ್ತೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಪೆಟ್ರೀಷಿಯಾ ಕೂಲ್ ಮತ್ತು ತಂಡ 2003ರಲ್ಲಿ ಅಮೆರಿಕದ 9 ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿದರು. ಎದುರಿಗೆ ಕೂತು ಆಟ ಆಡಿಸ್ತಾ ಮಾತಾಡಿದಾಗ ಮಕ್ಕಳು ಆ ಭಾಷೆಯ ಧ್ವನಿಭೇದ ಕಲಿತರು. ಅದನ್ನೇ ಟಿವಿಯಲ್ಲಿ ತೋರಿಸಿದಾಗ ಕಲಿಯಲಿಲ್ಲ.

ಬೆಲೆ, ಬೆಳೆ ಮತ್ತು ನಾವು ಕಳ್ಕೊಂಡ ಒಂದು ಅಕ್ಷರ

ಈಗ ಹಾಸ್ಟೆಲ್‌ಗೆ ಬರೋಣ. ಪಟ್ನಾದ ಹುಡುಗನಿಗೆ 'ಬೆಲೆ' ಮತ್ತು 'ಬೆಳೆ', 'ಹಲ್ಲಿ' ಮತ್ತು 'ಹಳ್ಳಿ', 'ಕೊಲೆ' ಮತ್ತು 'ಕೊಳೆ' ಯಾಕೆ ಒಂದೇ ಅನ್ನೋದು ಈಗ ಅರ್ಥ ಆಗಿರಬೇಕು. 'ಶರ್ಟ್ ಮೇಲೆ ಕೊಲೆ ಆಗಿದೆ' ಅಂತ ಅವನು ಹೇಳಿದರೆ, ಅವನ ಕ್ವಾಂಟೈಸರ್‌ನಲ್ಲಿ ಆ ಲೆವೆಲ್ ಇಲ್ಲ, ಅಷ್ಟೇ. ಹಾಗಂತ 'ನಾರ್ತ್‌ನವರಿಗೆಲ್ಲ ಳ ಬರಲ್ಲ' ಅನ್ನೋದೂ ತಪ್ಪು. ಮರಾಠಿಯಲ್ಲಿ ಳ ಇದೆ, ಗುಜರಾತಿಯಲ್ಲಿ ಇದೆ, ಪಂಜಾಬಿ, ರಾಜಸ್ಥಾನಿ, ಒಡಿಯಾದಲ್ಲೂ ಇದೆ. ಇಲ್ಲದಿರೋದು ಪಠ್ಯಪುಸ್ತಕದ ಹಿಂದಿಯಲ್ಲಿ. ಕೊಲ್ಹಾಪುರದ ಹುಡುಗನ ಬಾಯಲ್ಲಿ 'ಬೆಳಗಾವಿ' ನೀಟಾಗಿ ಬರುತ್ತೆ.

ನಾವು ಬೀಗೋ ಹಾಗಿಲ್ಲ. ತಮಿಳು, ಮಲಯಾಳಂನಲ್ಲಿ ಇನ್ನೊಂದು ಧ್ವನಿ ಇದೆ, ಇಂಗ್ಲಿಷ್‌ನಲ್ಲಿ ಬರೆಯುವಾಗ 'ಝಡ್' ಮತ್ತು 'ಎಚ್' ಜೋಡಿಸಿ ಬರೀತಾರಲ್ಲ, ಅದು. ಆಲಪ್ಪುಳ, ಕೋಳಿಕ್ಕೋಡ್ ಅಂತ ನಾವು ಬರೆಯೋ ಹೆಸರುಗಳಲ್ಲಿ ಅದಿದೆ. 'ತಮಿಳು' ಅನ್ನೋ ಹೆಸರಿನಲ್ಲೇ ಇದೆ. ನಮಗೆ ಅದು 'ಳ' ಅಂತಲೇ ಕೇಳಿಸುತ್ತೆ. ಮೂಲ ಉಚ್ಚಾರಣೆ ಕೇಳಿದ ಮಲಯಾಳಿ ಗೆಳೆಯರು ನಮ್ಮನ್ನು ನೋಡಿ ನಗೋದಾದರೆ, ನಾವು ಪಟ್ನಾದವನನ್ನು ನೋಡಿ ನಕ್ಕಷ್ಟೇ ನಗಬಹುದು.

ಸ್ವಾರಸ್ಯ ಏನಂದ್ರೆ ಈ ಧ್ವನಿ ಒಂದು ಕಾಲದಲ್ಲಿ ನಮ್ಮಲ್ಲೂ ಇತ್ತು. ಹಳಗನ್ನಡದಲ್ಲಿ ಅದಕ್ಕೆ ಅಕ್ಷರವೇ ಇತ್ತು: ೞ. ಆಗ 'ಬಾೞ್' ಅಂದರೆ ಬದುಕು, 'ಬಾಳ್' ಅಂದರೆ ಕತ್ತಿ. ತಮಿಳಿನಲ್ಲಿ ಇವತ್ತಿಗೂ 'ವಾೞ್' ಮತ್ತು 'ವಾಳ್' ಬೇರೆ ಬೇರೆ. ಕನ್ನಡದಲ್ಲಿ ಕಾಲಕ್ರಮೇಣ ೞ ಹೋಗಿ ಬಹಳ ಕಡೆ ಳ ಆಯ್ತು, ಎರಡೂ 'ಬಾಳು' ಆದವು, ಕೊನೆಗೆ ಕತ್ತಿಯ ಅರ್ಥ ಬಳಕೆಯಿಂದ ಬಿದ್ದುಹೋಯ್ತು. ಎರಡು ಶಿಖರ ಇದ್ದ ಹಿಸ್ಟೋಗ್ರಾಮ್ ತಲೆಮಾರುಗಳಲ್ಲಿ ಒಂದೇ ಶಿಖರ ಆದ ಕಥೆ ಇದು. ಯಾರೂ ಅಸಡ್ಡೆ ಮಾಡಿರಲಿಲ್ಲ. ಭಾಷೆ ಬದಲಾಯ್ತು, ಮಕ್ಕಳ ಕಿವಿ ಅದಕ್ಕೆ ತಕ್ಕ ಹಾಗೆ ಸೆಟ್ ಆಯ್ತು.

ಕನ್ನಡದ ಒಳಗೂ ಇದೇ ಇದೆ. ಎಷ್ಟೋ ಮನೆಗಳ ಆಡುಮಾತಿನಲ್ಲಿ ಮಹಾಪ್ರಾಣ ಇಲ್ಲ. 'ಧರ್ಮ' ಅಲ್ಲಿ 'ದರ್ಮ', 'ಭಾಷೆ' ಅಲ್ಲಿ 'ಬಾಸೆ'. ಅಂಥ ಮನೆಯಿಂದ ಬಂದ ಹುಡುಗನಿಗೆ ದ ಮತ್ತು ಧ ನಡುವಿನ ವ್ಯತ್ಯಾಸ ಸಿಗೋದು ಶಾಲೆಯ ಕಾಗುಣಿತದಲ್ಲಿ, ಅಂದರೆ ಕಣ್ಣಿನ ಮೂಲಕ. ಕನ್ನಡ ಬರಹಕ್ಕೆ ಮಹಾಪ್ರಾಣ ಬೇಕಿಲ್ಲ ಅಂತ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ ವಾದಿಸಿದ್ದು ಜನರ ಬಾಯಲ್ಲಿರೋ ಕನ್ನಡವನ್ನು ನೋಡಿಯೇ. ಅವರ ವಾದ ನೀವು ಒಪ್ಪಿ ಬಿಡಿ, ಆದರೆ 'ದನ್ಯವಾದ' ಅಂದವನಿಗೆ ಭಾಷೆಯೇ ಬರಲ್ಲ ಅಂತ ತೀರ್ಪು ಕೊಡೋ ಮುಂಚೆ ಒಂದು ಸಲ ಯೋಚಿಸಿ.

ಈಗ ಸರಿ ಮಾಡ್ಕೊಳ್ಳೋಕೆ ಆಗುತ್ತಾ?

ಆಗುತ್ತೆ. ಒಂದು ವರ್ಷಕ್ಕೇ ಜರಡಿ ಸಿದ್ಧ ಅಂದ ಮಾತ್ರಕ್ಕೆ ಬಾಗಿಲು ಮುಚ್ಚಿಹೋಯ್ತು ಅಂತಲ್ಲ. 1991ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಲೋಗನ್, ಲೈವ್ಲಿ ಮತ್ತು ಪಿಸೋನಿ ಜಪಾನೀ ವಿದ್ಯಾರ್ಥಿಗಳಿಗೆ ಸುಮಾರು ಮೂರು ವಾರ 'ಆರ್' ಮತ್ತು 'ಎಲ್' ಟ್ರೇನಿಂಗ್ ಕೊಟ್ಟರು. ವಿಧಾನ ಸರಳ: ಒಂದು ಪದ ಕೇಳಿಸ್ತಾರೆ, ಎರಡರಲ್ಲಿ ಯಾವುದು ಅಂತ ಒತ್ತಬೇಕು, ತಪ್ಪಾದರೆ ತಕ್ಷಣ ಗೊತ್ತಾಗುತ್ತೆ. ವಿಶೇಷ ಏನಂದ್ರೆ ಒಬ್ಬರದೇ ದನಿ ಇರಲಿಲ್ಲ, ಹಲವರ ದನಿ, ಹಲವು ಪದ, ಧ್ವನಿ ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ. ಸರಿ ಉತ್ತರ ಸುಮಾರು ನೂರಕ್ಕೆ 78ರಿಂದ 86ಕ್ಕೆ ಏರಿತು. ದನಿಗಳು ಹಲವು ಆದಾಗ ಮೆದುಳು ಒಬ್ಬನ ಗಂಟಲನ್ನು ಬಾಯಿಪಾಠ ಮಾಡಲ್ಲ. ಓವರ್‌ಫಿಟ್ ಆಗಲ್ಲ ಅನ್ನಿ. 1997ರಲ್ಲಿ ಆನ್ ಬ್ರ್ಯಾಡ್ಲೋ ಮತ್ತು ತಂಡ ಇನ್ನೂ ಒಂದು ವಿಷಯ ಕಂಡುಕೊಂಡಿತು: ಕೇಳೋದನ್ನು ಮಾತ್ರ ಅಭ್ಯಾಸ ಮಾಡಿಸಿದರೂ, ಹೇಳೋದೂ ತಾನಾಗೇ ಸ್ವಲ್ಪ ಸುಧಾರಿಸಿತ್ತು.

ಪ್ಲೇಸ್‌ಮೆಂಟ್‌ಗೆ ತಯಾರಿ ಮಾಡೋರು ಇದನ್ನು ಗಮನಿಸಿ. ಕನ್ನಡಿ ಮುಂದೆ ನಿಂತು ನಾಲಿಗೆ ತಿರುಚೋದು ಮೊದಲ ಹೆಜ್ಜೆ ಆಗಬೇಕಿಲ್ಲ. ಮೊದಲು ಕಿವಿಗೆ ಕೆಲಸ ಕೊಡಿ, ಬೇರೆ ಬೇರೆ ಜನರ ದನಿಯಲ್ಲಿ, ಸರಿಯೋ ತಪ್ಪೋ ಅಂತ ತಕ್ಷಣ ಗೊತ್ತಾಗೋ ಹಾಗೆ. ನಗೋ ಗೆಳೆಯನಿಂದ ಇದಕ್ಕೆ ಯಾವ ಸಹಾಯವೂ ಇಲ್ಲ. ಕೂತು ಹತ್ತು ಸಲ ಹೇಳಿ ತೋರಿಸೋ ಗೆಳೆಯ ಬೇಕು.

ರೂಮಿನಲ್ಲೇ ಮಾಡಬಹುದಾದ ಪ್ರಯೋಗ

ಇದಕ್ಕೆ ಎಬಿಎಕ್ಸ್ ಟೆಸ್ಟ್ ಅಂತಾರೆ. ಮೊಬೈಲ್‌ನಲ್ಲಿ 'ಬೆಲೆ' ಮತ್ತು 'ಬೆಳೆ' ರೆಕಾರ್ಡ್ ಮಾಡಿ, ಎರಡು ಮೂರು ಜನರ ದನಿಯಲ್ಲಿ. ಹಿಂದಿ ಗೆಳೆಯನಿಗೆ ಮೊದಲು ಎ, ಆಮೇಲೆ ಬಿ, ಆಮೇಲೆ ಎಕ್ಸ್ ಕೇಳಿಸಿ. ಎಕ್ಸ್ ಅನ್ನೋದು ಎರಡರಲ್ಲಿ ಯಾವುದೋ ಒಂದು, ನಾಣ್ಯ ಚಿಮ್ಮಿ ನಿರ್ಧರಿಸಿ. 20 ಸಲ ಮಾಡಿ. ಬರೀ ಊಹೆ ಮಾಡಿದರೆ 10ರ ಆಸುಪಾಸು ಬರುತ್ತೆ. ಊಹೆಯಲ್ಲೇ 15 ಅಥವಾ ಅದಕ್ಕಿಂತ ಹೆಚ್ಚು ಬರೋ ಸಾಧ್ಯತೆ ಸುಮಾರು ನೂರಕ್ಕೆ 2 ಮಾತ್ರ. ಮ್ಯಾಥ್ಸ್‌ನ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಆಮೇಲೆ ಸೀಟು ಬದಲಾಯಿಸಿ. ತಮಿಳು ಗೆಳತಿಯ ದನಿಯಲ್ಲಿ 'ವಾೞ್' ಮತ್ತು 'ವಾಳ್' ರೆಕಾರ್ಡ್ ಮಾಡಿ ನೀವು ಕೂತು ಕೇಳಿ. ಆಸಕ್ತಿ ಇದ್ದರೆ ಆ ಫೈಲ್‌ಗಳನ್ನು 'ಪ್ರಾಟ್' ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ ನೋಡಿ. ಕಿವಿಗೆ ಸಿಗದ ವ್ಯತ್ಯಾಸ ಕಣ್ಣಿಗೆ ಸಿಗುತ್ತಾ ಅಂತ ಹುಡುಕಿ.

ಫಲಿತಾಂಶ ನಮ್ಮ ಕನ್ನಡ ಸಂಘಕ್ಕೆ ಕಳಿಸಿ. ಸಾಕಷ್ಟು ಜನ ಕಳಿಸಿದರೆ ಯಾವ ಮಾತೃಭಾಷೆಯವರಿಗೆ ಯಾವ ಜೋಡಿ ಕಷ್ಟ ಅಂತ ಒಂದು ಪಟ್ಟಿ ಮಾಡಿ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ, ಹೆಸರು ಹಾಕಲ್ಲ. ಹೊಸ ಬ್ಯಾಚ್‌ಗೆ ಕನ್ನಡ ಕಲಿಸೋ ಕ್ಲಾಸ್‌ನಲ್ಲಿ ಮೊದಲ ದಿನವೇ ಆ ಜೋಡಿಗಳನ್ನು ಕೇಳಿಸೋಣ.